ಮಾವನ ಹೆಸರು ಹಿಡಿದು ಕರೆದ ಅಮಾವಾಸ್ಯೆ

ಗದಗಿನಿಂದ ಮುಂಡರಗಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಎಲ್ಲಕ್ಕಿಂತ ಕೊನೆಗೆ ತುಂಬುತ್ತದೆ. ನಿಂತೇ ಹೋಗುತ್ತೇವೆ ಎನ್ನುವವರೂ ಇದ್ದಾರೆ. ನಿಲ್ಲಲಿ ಬಿಡಿ, ಕಾಲು ಅವರವು. ಹೆಂಗಸರಿಗೆಲ್ಲ ಬಸ್ಸು ಪುಕ್ಕಟೆಯಾದ ಮೇಲೆ ಈ ದಾರಿಯಲ್ಲಿ ಟಿಕೆಟ್ ತೆಗೆಸುವ ಹೆಂಗಸು ನಾನೊಬ್ಬಳೇ ಇರಬೇಕು. ಇಲ್ಲಿಯ ಗುರುತಿನ ಚೀಟಿ ಇನ್ನೂ ಕೈಗೆ ಬಂದಿಲ್ಲ. ಕಂಡಕ್ಟರು ಹತ್ತಿರ ಬಂದು, ಗಂಟಲು ಸರಿಮಾಡಿಕೊಂಡು ಇಂಗ್ಲಿಷಿಗೆ ಸಿದ್ಧನಾಗುವಷ್ಟರಲ್ಲಿ ನಾನೇ ಹೇಳುತ್ತೇನೆ: “ಮುಂಡರಗಿ ಒಂದ ಕೊಡ್ರಿ.” ಅಲ್ಲಿಗೆ ಇಡೀ ಬಸ್ಸು ಹೊರಳಿ ನೋಡುತ್ತದೆ.

“ಯಾವೂರವರ್ರೀ ನೀವು?”

“ಬೆಟಗೇರಿಯವರ್ರಿ.”

“ಅಲ್ಲರೀ, ಮೂಲ ಎಲ್ಲಿ?”

“ಮೂಲ ತಗೊಂಡ ಏನ ಮಾಡ್ತೀರಿ? ಜಾಗ ಐತಿ, ಕುಂಡ್ರಿ ಇಲ್ಲೆ.”

ಹಾಗೆ ಕೂತವರು ಮುಂಡರಗಿ ಬರುವ ಮೊದಲೇ ಶೇಂಗಾ ಸುಲಿದು ನನ್ನ ಕೈಗೆ ಹಾಕಿದ್ದೂ ಉಂಟು.

ಮೂಲ ಹೇಳುತ್ತೇನೆ, ಮುಚ್ಚಿಡುವಂಥದ್ದೇನಲ್ಲ. ಪಶ್ಚಿಮ ಆಫ್ರಿಕಾದ ಘಾನಾ ದೇಶ, ಅದರ ಉತ್ತರದ ತುದಿ. ಬೋರ್‌ವೆಲ್ಲಿಗೆ ಪಂಪು ಕೂಡಿಸುವ ಕೆಲಸಕ್ಕೆ ಬೆಟಗೇರಿಯವನೊಬ್ಬ ನಮ್ಮ ಕಡೆ ಬಂದ. ನಾನು ಅವನ ಕೈ ಹಿಡಿದು ಈ ಕಡೆ ಬಂದೆ. ಬಂದು ನೋಡಿದರೆ ಅದೇ ಜೋಳ, ಅದೇ ಸಜ್ಜೆ, ಅದೇ ಶೇಂಗಾ, ಅದೇ ಬೆಂಡೆಕಾಯಿ! ಇದಕ್ಕಾಗಿ ಇಷ್ಟು ದೂರ ಬರಬೇಕಿತ್ತೇ ಎಂದು ಗಂಡನ ಮೇಲೆ ಸಿಟ್ಟೇ ಬಂತು. ಬೆಟಗೇರಿ ಸಂತೆಯಲ್ಲಿ ಪುಂಡಿ ಸೊಪ್ಪಿನ ಸಿವುಡು ಕಂಡಾಗ ಮಾತ್ರ ಅತ್ತುಬಿಟ್ಟೆ. ನನ್ನಜ್ಜಿ ಅದೇ ಹುಳಿ ಸೊಪ್ಪನ್ನು ಶೇಂಗಾ ಪುಡಿ ಹಾಕಿ ಕುದಿಸುತ್ತಿದ್ದಳು. ಮಾರುವವಳು ಗಾಬರಿಯಾಗಿ, “ಅಳಬ್ಯಾಡ ನನ್ನವ್ವಾ, ಇನ್ನೊಂದ ಸಿವುಡ ಒಯ್ಯಿ” ಎಂದಳು.

ದೇಶ ಸುತ್ತಿದವರು ತಾವು ಕಂಡದ್ದನ್ನು ಬರೆಯುತ್ತಾರೆ. ನನ್ನ ಪ್ರವಾಸದಲ್ಲಿ ನೋಡುವವರು ಬೇರೆಯವರು, ಕಾಣಿಸಿಕೊಳ್ಳುವವಳು ನಾನು. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೋಗಿದ್ದೆವು. ಹಿಮಾಲಯ ದಾಟಿ ಬಂದ ಬಾತುಗಳು ನೀರು ಕಾಣದಂತೆ ಕೂತಿವೆ, ಮಂದಿ ಅವನ್ನು ಬಿಟ್ಟು ನನ್ನ ಫೋಟೋ ತೆಗೆಯುತ್ತಿದ್ದಾರೆ. ಒಬ್ಬನಂತೂ ತನ್ನ ಹೆಂಡತಿಯನ್ನು ನನ್ನ ಪಕ್ಕಕ್ಕೆ ನಿಲ್ಲಿಸಿ, “ನೋಡ, ಈಗ ನೀ ಎಷ್ಟ ಬೆಳ್ಳಗ ಕಾಣ್ತಿ” ಎಂದ. ಆಕೆ ನಕ್ಕಳು. ನಾನು ನಗಲಿಲ್ಲ. ಅವರ ಕಾರಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ. “ಫೋಟೋ ಅಳಸ್ರಿ, ಏಳ್ತೀನಿ” ಎಂದೆ. ಅಳಿಸಿದ ಮೇಲೆಯೇ ಎದ್ದದ್ದು.

ಈ ಬಾಯಿ ನನಗೆ ಮಾವನವರ ಕೊಡುಗೆ. ಅವರಿಗೆ ಕಿವಿ ಮಂದ. ಮನೆಯವರೆಲ್ಲ ನನ್ನ ಹರಕು ಕನ್ನಡಕ್ಕೆ ಮುಖ ಕಿವುಚುತ್ತಿದ್ದ ದಿನಗಳಲ್ಲಿ ಅವರೊಬ್ಬರು ಕಟ್ಟೆಯ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು, “ಇನ್ನೊಮ್ಮಿ ಹೇಳ. ಜೋರಾಗಿ ಹೇಳ” ಎಂದು ಹೇಳಿಸುತ್ತಿದ್ದರು. ಹೇಳಿದ್ದು ತಪ್ಪೋ ಸರಿಯೋ ಅವರಿಗೆ ಬೇಕಿರಲಿಲ್ಲ, ಕೇಳಿಸಿದರೆ ಸಾಕು. ಹಾಗಾಗಿ ಇವತ್ತಿಗೂ ನಾನು ಕೊತ್ತಂಬರಿ ಕೊಂಡರೂ ಜಗಳ ಆಡಿದಂತೆ ಇರುತ್ತದೆ.

ಅತ್ತೆಯದು ಬೇರೆಯೇ ಫಜೀತಿ. ಗಂಡನ ಹೆಸರು ಹಿಡಿಯುವಂತಿಲ್ಲ. ‘ಏನ್ರೀ’ ಎಂದರೆ ಆತನಿಗೆ ಕೇಳಿಸುವುದಿಲ್ಲ. ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳು ಹೇಳು ಎಂದು ಎಲ್ಲರೂ ಕಾಡಿದಾಗ ಸೆರಗಿನೊಳಗೆ ಗುಣುಗಿದ್ದು ಬಿಟ್ಟರೆ, ಆ ಹೆಸರು ಅವರ ಬಾಯಲ್ಲಿ ಬಂದದ್ದೇ ಇಲ್ಲವಂತೆ. ಊಟಕ್ಕೆ ಕರೆಯಬೇಕಾದರೆ ಸೌಟು ತೆಗೆದುಕೊಂಡು ತಾಟಿಗೆ ಬಡಿಯುತ್ತಿದ್ದರು. ಢಣ್ ಢಣ್ ಎಂದು ಓಣಿಗೆಲ್ಲ ಕೇಳುತ್ತಿತ್ತು, ಮಾವನವರು ಧೋತರ ಕೊಡವಿಕೊಂಡು ಏಳುತ್ತಿದ್ದರು.

ಮಾವನವರು ಹೋದರು. ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ಎಳ್ಳಮಾವಾಸ್ಯೆಗೆ ನಾನು ಬಸುರಿ.

ಹೊಲದಲ್ಲಿ ಜೋಳ ಹೊಡೆ ತುಂಬಿಕೊಂಡು ನಿಲ್ಲುವ ಕಾಲ ಅದು. ಭೂಮಿತಾಯಿಯೂ ಬಸುರಿ, ಆಕೆಗೂ ಬಯಕೆಗಳಿರುತ್ತವೆ ಎಂದು ಈ ಕಡೆಯ ಒಕ್ಕಲು ಮಂದಿ ಬುತ್ತಿ ಕಟ್ಟಿಕೊಂಡು ಹೋಗಿ ಆಕೆಯ ಉಡಿ ತುಂಬುತ್ತಾರೆ. ಆಮೇಲೆ ಮಾಡಿದ ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಸೊಸೆ ಬಸುರಿಯಿದ್ದ ವರ್ಷ ಉಡಿ ತುಂಬುವವಳೂ ಅವಳೇ, ಚರಗದ ಮೊದಲ ಹಿಡಿ ಚೆಲ್ಲುವವಳೂ ಅವಳೇ. ನನ್ನ ಅತ್ತೆ ಮಾಡಿದ್ದರು, ಅವರ ಅತ್ತೆ ಮಾಡಿದ್ದರು.

ಹಿಂದಿನ ದಿನ ಮಾವನವರ ಅಕ್ಕ ಲಕ್ಷ್ಮೇಶ್ವರದಿಂದ ಬಂದರು. ಮನೆಯಲ್ಲಿ ಎಲ್ಲರಿಗೂ ಅವರು ಅಕ್ಕಾರು. ಶಿರಹಟ್ಟಿಗೆ ಕೊಟ್ಟ ಮಗಳನ್ನೂ ಕರೆತಂದಿದ್ದರು. ನಾನು ಅಡಿಗೆಮನೆಯಲ್ಲಿ ಸಜ್ಜೆ ರೊಟ್ಟಿಗೆ ಎಳ್ಳು ಒತ್ತುತ್ತಿದ್ದೆ. ನನಗೆ ಕೇಳಿಸಲಿ ಎಂದೇ ಅಕ್ಕಾರು ಅತ್ತೆಗೆ ಹೇಳಿದರು:

“ಈ ಸಲ ಉಡಿ ನನ್ನ ಮಗಳ ತುಂಬಲಿ. ಸುತ್ತಲಿನ ಹೊಲದ ಮಂದಿ ನೋಡ್ತಾರ. ಹುಟ್ಟೂ ಕೂಸು ಹೆಂಗೂ ಕರ್ರಗ ಹುಟ್ಟತೈತಿ, ಈಗಿಂದನ ಯಾಕ ತೋರಸ್ಕೋತ ಅಡ್ಡಾಡಬೇಕು?”

ಅತ್ತೆ ಏನೂ ಅನ್ನಲಿಲ್ಲ. ಅಕ್ಕಾರ ಮಾತಿಗಿಂತ ಆ ಸುಮ್ಮನಿರುವಿಕೆ ನನ್ನ ಹೊಟ್ಟೆ ಉರಿಸಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

“ನಮ್ಮ ಹೊಲ ಏನ ಬೆಳ್ಳಗ ಐತೇನ್ರಿ ಅಕ್ಕಾರ? ಎರಿ ಮಣ್ಣು ಕರ್ರಗಿದ್ದಷ್ಟು ಚಲೋ ಅಂತ ನೀವ ಹೇಳ್ತಿರತೀರಿ.”

“ಬಾಯಿ ಭಾಳ ಐತಿ ನಿಂದು.”

“ಐತಿರಿ. ನಿಮ್ಮ ತಮ್ಮಾರ ಕಲಿಸಿದ್ದು.”

ಉಡಿಯ ಬುಟ್ಟಿ ಹೊರುವ ಆಸೆ ನನಗೇನೂ ಇರಲಿಲ್ಲ. ಆದರೆ ಆ ದಿನ ನಾನು ಬದುವಿನ ಮೇಲೆ ನಿಂತರೆ ನನ್ನ ಕೂಸು ಜೀವಮಾನವೆಲ್ಲ ಬದುವಿನ ಮೇಲೆಯೇ ನಿಲ್ಲುತ್ತದೆ. ತನ್ನ ಅಜ್ಜನ ಹೊಲಕ್ಕೆ ತಾನೇ ನೆಂಟನಂತೆ ಬಂದು ಹೋಗುತ್ತದೆ. ಅದು ನನಗೆ ಸಾಧ್ಯವಿರಲಿಲ್ಲ. ಗಂಡನಿಗೆ ಹೇಳಿದೆ. “ನೀ ಏನ ಮಾಡಿದ್ರೂ ನಾ ನಿನ್ನ ಕಡೆ” ಎಂದು ಹೇಳಿ ಟ್ರ್ಯಾಕ್ಟರ್ ತೊಳೆಯಲು ಹೋದ. ಅವನ ಧೈರ್ಯ ಅಷ್ಟೇ, ಪಾಪ.

ಮರುದಿನ ನಸುಕಿನಲ್ಲೇ ಟ್ರೇಲರಿನಲ್ಲಿ ಬುತ್ತಿಯ ಗಂಟುಗಳ ನಡುವೆ ಕೂತು ಸಿಂಗಟಾಲೂರಿನ ಕಡೆಯ ನಮ್ಮ ಎರೆಹೊಲಕ್ಕೆ ಹೋದೆವು. ಬನ್ನಿಗಿಡದ ಬುಡದಲ್ಲಿ ಕಲ್ಲುಗಳನ್ನಿಟ್ಟು ಸುಣ್ಣ ಹಚ್ಚಿ ಪೂಜೆ ಆಯಿತು. ಗಂಡ ಸತ್ತವರು ಉಡಿ ತುಂಬುವ ಕಡೆ ಬರಬಾರದೆಂದು ಅತ್ತೆ ಗಿಡದ ಆಚೆಗೆ, ಪಾತ್ರೆಗಳ ಹತ್ತಿರ ನಿಂತುಕೊಂಡರು. ಅಕ್ಕಾರು ಬುಟ್ಟಿಯನ್ನು ಮಗಳ ಕೈಗಿತ್ತರು. ನಾನು ಹೋಗಿ ಅವಳ ಕೈಯಿಂದ ತೆಗೆದುಕೊಂಡೆ. ಕಿತ್ತುಕೊಂಡೆ ಎನ್ನಬೇಕಾಗಿಲ್ಲ, ಅವಳೇ ಸಡಿಲ ಬಿಟ್ಟಳು. “ತಗೋ ವೈನಿ, ನಿಂದ ಅದು” ಎಂದಳು ಮೆಲ್ಲಗೆ.

ಜೋಳದ ಗಿಡಗಳಿಗೆ ಹಸಿರು ಕುಪ್ಪಸದ ಕಣ ಸುತ್ತಿ, ತೆಂಗಿನಕಾಯಿ, ಎಲೆ ಅಡಿಕೆ, ಉತ್ತತ್ತಿ ಇಟ್ಟು ಉಡಿ ತುಂಬಿದೆ. ಅಲ್ಲಿಯ ತನಕ ಎಲ್ಲ ಇಲ್ಲಿಯ ಪದ್ಧತಿಯೇ. ಆಮೇಲೆ ಚರಗಕ್ಕೆಂದು ತಂದ ಅಂಬಲಿಯ ಗಡಿಗೆ ಕೈಗೆ ಬಂತು.

ನಮ್ಮೂರಲ್ಲಿ ನನ್ನಜ್ಜ ಸಜ್ಜೆ ಹಿಟ್ಟು ಕದಡಿದ ನೀರನ್ನು ನೆಲಕ್ಕೆ ಹನಿಸುತ್ತ ಸತ್ತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತಿದ್ದ. ಹೆಸರು ಹೇಳದಿದ್ದರೆ ಪಕ್ಕದ ಮನೆಯವರನ್ನು ಕರೆದರೆಂದು ತಿಳಿದು ಸತ್ತವರು ಏಳುವುದೇ ಇಲ್ಲ ಎನ್ನುತ್ತಿದ್ದ. ಅಲ್ಲಿ ಅದು ಗಂಡಸರ ಕೆಲಸ. ಹೆಣ್ಣುಮಗಳು ಮಾಡುವುದನ್ನು ಕಂಡಿದ್ದರೆ ಅಜ್ಜ ಕೋಲು ಹಿಡಿದು ಅಟ್ಟುತ್ತಿದ್ದ. ಇಲ್ಲಿ ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ತರಬಾರದು. ಗೊತ್ತಿರಲಿಲ್ಲ ಎಂದು ಈಗ ಹೇಳಿ ಪಾರಾಗಬಹುದು. ಚೆನ್ನಾಗಿ ಗೊತ್ತಿತ್ತು. ಎರಡೂ ಊರಿಗೆ ಆಗಿಬರದ ಕೆಲಸವನ್ನು ನಾನು ಮಾಡಿದೆ. ಕರಿ ಮಣ್ಣಿನ ಮೇಲೆ ಅಂಬಲಿ ಹೊಯ್ದು, ಮಾವನವರ ಹೆಸರನ್ನು ಮನೆತನದ ಹೆಸರಿನ ಸಮೇತ ಕೂಗಿದೆ.

“ಉಣ್ಣಾಕ ಬರ್ರಿ! ಮನಿಗೆ ಕೂಸ ಬರಾಕತ್ತೈತಿ, ನೋಡಾಕ ಬರ್ರಿ!”

ಪಕ್ಕದ ಹೊಲಗಳಲ್ಲಿ ಉಣ್ಣುತ್ತಿದ್ದವರು ಎದ್ದು ನಿಂತರು. ಅಕ್ಕಾರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

“ಅಯ್ಯ ನನ್ನ ಶಿವನ! ಮಾವನ್ನ ಹೆಸರ ಹಿಡದ ಒದರತಾಳಲ್ಲ! ಮಾನ ಮರ್ಯಾದಿ ಏನರ ಐತ್ಯೋ ಇಲ್ಲೊ ಈಕಿಗೆ?”

“ಹೆಸರ ಹಿಡೀಲಾರದ ಹೆಂಗ ಕರೀಲಿ, ನೀವ ಹೇಳ್ರಿ! ಈ ಕೂಸಿನ ಅಜ್ಜ ಅವರು. ಖಬರ ಮುಟ್ಟಸಬೇಕೋ ಬ್ಯಾಡೋ?” ನನ್ನ ದನಿ ನಡುಗುತ್ತಿತ್ತು. ಸಿಟ್ಟಿಗೆ ನಡುಗುತ್ತಿದೆ ಎಂದುಕೊಂಡಿದ್ದೆ. ಕೆನ್ನೆ ಮುಟ್ಟಿಕೊಂಡರೆ ಒದ್ದೆ.

ಆಗ ಅತ್ತೆ ಗಿಡದ ಆಚೆಯಿಂದ ಹೊರಟರು. ಬರಬಾರದ ಜಾಗಕ್ಕೆ, ಸಾಲಿನ ನಡುವೆ, ಜೋಳ ಸರಿಸಿಕೊಂಡು ನೆಟ್ಟಗೆ ನನ್ನ ಕಡೆಗೆ. ಅಕ್ಕಾರು, “ನೀ ಎಲ್ಲಿಗೆ ಬರಾಕತ್ತಿ?” ಎಂದು ಅಡ್ಡ ಬಂದರು.

“ಅತ್ತಾಗ ಸರೀರಿ ಅಕ್ಕಾರ,” ಎಂದರು ಅತ್ತೆ. “ಇಷ್ಟ ವರ್ಷ ನಿಮ್ಮ ಮಾತ ಕೇಳೀನಿ.”

ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಅತ್ತೆ ನನ್ನ ಮುಖ ನೋಡಲಿಲ್ಲ, ಅಂಬಲಿ ಹೀರಿದ ನೆಲ ನೋಡಿದರು. ಅವರ ಒಂದು ಕೈಯಲ್ಲಿ ಊಟದ ತಾಟಿತ್ತು, ಇನ್ನೊಂದರಲ್ಲಿ ಸೌಟು.

“ಅಷ್ಟ ಸಣ್ಣ ದನೀಲೆ ಕರದರ ಅವರಿಗೆಲ್ಲಿ ಕೇಳಸಬೇಕು ಹುಚ್ಚೀ,” ಎಂದರು. ತಾಟು ಎತ್ತಿ ಹಿಡಿದು ಢಣ್ ಢಣ್ ಎಂದು ಬಡಿದರು, ಬಡಿದೇ ಬಡಿದರು.

“ಹೂಂ, ಈಗ ಕರಿ.”