ವಿಲೇವಾರಿಯಾದ ಚಪ್ಪಡಿ

ಅಜ್ಜಂಪುರದಿಂದ ಬೀರೂರಿಗೆ ಹೋಗುವ ಬಸ್ಸು ನಿಲ್ಲುವ ಊರುಗಳಲ್ಲಿ ನಮ್ಮದೂ ಒಂದು. ಹೆಸರು ಬೇಡ. ಹೇಳಿದರೆ ನಾಳೆಯೇ ‘ಇದು ಸತ್ಯಕ್ಕೆ ದೂರವಾದುದು’ ಎಂದು ಪ್ರಕಟಣೆ ಹೊರಡುತ್ತದೆ, ಅದರ ನೆತ್ತಿಯ ಮೇಲೆ ನಾಲ್ಕು ಜನರ ಫೋಟೋ ಇರುತ್ತದೆ. ಅಂಥ ಪ್ರಕಟಣೆಗಳನ್ನು ಟೈಪ್ ಮಾಡುತ್ತಿದ್ದವಳು ನಾನೇ.

ನಾನು ಅಲ್ಲಿನ ಪಂಚಾಯ್ತಿಯಲ್ಲಿ ಕಂಪ್ಯೂಟರ್ ಆಪರೇಟರ್. ಖಾತೆ ನಕಲು, ಕಂದಾಯದ ರಸೀದಿ, ನಳದ ಅರ್ಜಿ, ಇಷ್ಟೇ ನನ್ನ ಕೆಲಸವಾಗಿತ್ತು. ಪಂಚಾಯ್ತಿಗೂ ಮೊಬೈಲಿನಲ್ಲಿ ಒಂದು ಪೇಜು ಇರಬೇಕು ಅಂತ ಹುಕುಂ ಬಂದಾಗ ಪಿಡಿಒ ಸಾಹೇಬರು ನನ್ನ ಕಡೆ ಕೈ ತೋರಿಸಿದರು. “ಹೆಂಗೂ ಮೊಬೈಲು ತಿಕ್ತಾ ಇರ್ತೀಯಲ್ಲಮ್ಮ, ನೀನೇ ನೋಡ್ಕೋ.” ತರೀಕೆರೆಯಲ್ಲಿ ಒಂದು ದಿನ ತರಬೇತಿ ಕೊಟ್ಟರು. ಫೋಟೋ ಹಾಕುವುದು ಹೇಗೆ, ಬಣ್ಣದ ಅಕ್ಷರ ಕೂರಿಸುವುದು ಹೇಗೆ, ಲೈಕು ಹೆಚ್ಚಿಸುವುದು ಹೇಗೆ, ಎಲ್ಲ ಹೇಳಿದರು. ಜನ ಏನಾದರೂ ಕೇಳಿದರೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಊಟ ಚೆನ್ನಾಗಿತ್ತು, ನಾನೂ ಕೇಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಫೋಟೋ ರಾಮಾಯಣ. ಅಧ್ಯಕ್ಷರ ಮುಖ ಎಡಕ್ಕೆ, ಉಪಾಧ್ಯಕ್ಷರದು ಬಲಕ್ಕೆ. ಒಂದು ಸಲ ಉಪಾಧ್ಯಕ್ಷರ ಮುಖ ಕೂದಲೆಳೆಯಷ್ಟು ದೊಡ್ಡದಾಯಿತೆಂದು ನೀರಿನ ಪೋಸ್ಟನ್ನೇ ತಡೆದಿಟ್ಟರು. ‘ನಾಳೆ ಬೆಳಿಗ್ಗೆ ನೀರು ಬಿಡಲಾಗುವುದು’ ಎಂದು ನಾವು ಹಾಕುವಷ್ಟರಲ್ಲಿ ನೀರು ಬಂದು, ನಿಂತು, ಜನ ಕೊಡ ತುಂಬಿಕೊಂಡು ಮನೆ ಸೇರಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ ನಮ್ಮ ಪೇಜು.

ಪೇಜಿಗೂ ಒಂದು ರಿಜಿಸ್ಟರ್ ಇತ್ತು, ಅದಿಲ್ಲದೆ ಸರ್ಕಾರಿ ಕೆಲಸ ಆಗುತ್ತದೆಯೇ? ಬಂದ ಕಾಮೆಂಟು, ದಿನಾಂಕ, ಕ್ರಮ. ಕೊನೆಯ ಕಾಲಮ್ಮು ‘ವಿಲೇವಾರಿ’. ತಿಂಗಳ ಕೊನೆಗೆ ಆ ಕಾಲಮ್ಮು ಖಾಲಿ ಇರಬಾರದು.

ನಮ್ಮ ಬೀದಿಯ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವರು ನನಗೆ ಅಕ್ಕ. ರಕ್ತಸಂಬಂಧವಲ್ಲ, ಚಿಕ್ಕಂದಿನಲ್ಲಿ ನನ್ನ ಹೇನು ತೆಗೆದು ಜಡೆ ಹಾಕಿದ ಸಂಬಂಧ. ಅಂಗನವಾಡಿ ಬಾಗಿಲ ಮುಂದಿನ ಚರಂಡಿಯ ಮೇಲೆ ಹಾಕಿದ್ದ ಚಪ್ಪಡಿ ಮುರಿದುಬಿತ್ತು. ಚರಂಡಿ ಸೊಂಟದಾಳ. ಅಕ್ಕ ದಿನಾ ಬೆಳಿಗ್ಗೆ ಮಕ್ಕಳನ್ನು ಒಂದೊಂದಾಗಿ ಎತ್ತಿ ದಾಟಿಸುತ್ತಿದ್ದರು, ಮಧ್ಯಾಹ್ನ ಅದೇ ರೀತಿ ವಾಪಸ್ಸು. ಪಂಚಾಯ್ತಿಗೆ ಬಂದು ಹೇಳಿದರು. “ಪೇಜಲ್ಲಿ ಹಾಕಮ್ಮ, ಈಗೆಲ್ಲಾ ಆನ್‌ಲೈನು” ಎಂದರು ಸಾಹೇಬರು. ಸರಿ, ಅಕ್ಕ ಮೊಬೈಲಿಗೆ ಬಾಯಲ್ಲೇ ಹೇಳಿ ಬರೆಸಿದರು: ‘ಅಂಗನವಾಡಿ ಮುಂದೆ ಚಪ್ಪಡಿ ಮುರಿದೈತೆ ಸ್ವಾಮಿ, ಮಕ್ಕಳು ಬಿದ್ದರೆ ಯಾರು ಹೊಣೆ?’

ಬರೆದದ್ದು ಎಲ್ಲಿ? ಅಧ್ಯಕ್ಷರ ಹುಟ್ಟುಹಬ್ಬದ ಪೋಸ್ಟಿನ ಕೆಳಗೆ. ಅವತ್ತು ಪೇಜಿನಲ್ಲಿ ಅದು ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಅಧ್ಯಕ್ಷರು ಫೋನಿನಲ್ಲೇ ಹಾರಾಡಿದರು. “ನನ್ನ ಹುಟ್ಟಿದಬ್ಬಕ್ಕೆ ಚರಂಡಿ ವಾಸ್ನೆ ಯಾಕ್ರೀ? ತೆಗೀರಿ ಮೊದ್ಲು!” ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. “ಡಿಲೀಟ್ ಮಾಡಿದ್ರೆ ಆಯಮ್ಮ ಜಗಳಕ್ಕೆ ಬತ್ತಾಳೆ. ಮೂರು ಚುಕ್ಕಿ ಒತ್ತು, ‘ಮರೆಮಾಡಿ’ ಅಂತ ಬತ್ತದೆ. ಬರೆದೋರಿಗೆ ಕಾಣ್ತಾನೇ ಇರ್ತದೆ, ಊರಿಗೆ ಕಾಣಾಕಿಲ್ಲ.”

ಎಂಥಾ ತಲೆ ನೋಡಿ! ಬರೆದವಳು ತನ್ನ ಮಾತು ಅಲ್ಲೇ ಇದೆ, ಊರೆಲ್ಲ ಓದುತ್ತಿದೆ ಅಂದುಕೊಳ್ಳಬೇಕು. ಅವಳ ಸ್ನೇಹಿತರ ಪಟ್ಟಿಯಲ್ಲಿರುವವರಿಗೆ ಬಿಟ್ಟರೆ ಇನ್ನೊಬ್ಬರಿಗೂ ಅದು ಕಾಣುವುದಿಲ್ಲ. ಅಕ್ಕನ ಪಟ್ಟಿಯಲ್ಲಿ ಇದ್ದದ್ದು ಎಮ್ಮೆದೊಡ್ಡಿ ಕಡೆಗೆ ಮದುವೆಯಾಗಿ ಹೋದ ತಂಗಿ ಒಬ್ಬಳೇ. ಅವಳು ಒಂದು ಲೈಕು ಒತ್ತಿದ್ದಳು.

ನಾನು ಮೂರು ಚುಕ್ಕಿ ಒತ್ತಿದೆ. ರಿಜಿಸ್ಟರಿನಲ್ಲಿ ‘ವಿಲೇವಾರಿ ಆಗಿದೆ’ ಎಂದು ಬರೆದೆ. ಮುಂದಿನ ಸೋಮವಾರ ಅಕ್ಕ ಮತ್ತೆ ಬರೆದರು, ಮತ್ತೆ ಒತ್ತಿದೆ. ಮೂರನೆಯದಕ್ಕೆ ಕೈ ತಾನೇ ಹೋಯಿತು, ಯಾರೂ ಹೇಳಬೇಕಾಗಿರಲಿಲ್ಲ. ನಾಲ್ಕನೆಯದನ್ನು ಪೂರ್ತಿ ಓದಲೂ ಇಲ್ಲ.

ಅದಾದ ಮೂರನೇ ದಿನ ಅಕ್ಕ ಬಿದ್ದರು. ಕಂಕುಳಲ್ಲಿ ಒಂದು ಮಗು ಇತ್ತು. ಮಗುವನ್ನು ಎದೆಗೆ ಅವಚಿಕೊಂಡು ತಾವು ಅಡ್ಡ ಬಿದ್ದಿದ್ದರಿಂದ ಅದಕ್ಕೆ ಒಂದು ಗೀರೂ ಆಗಲಿಲ್ಲ. ಇವರ ಬಲಗೈ ಮಣಿಕಟ್ಟು ಮುರಿಯಿತು. ಕಡೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಿಮೆಂಟಿನ ಪಟ್ಟು ಹಾಕಿಸಿದರು.

ಸಂಜೆ ನೋಡಲು ಹೋದೆ. ಅಕ್ಕನಿಗೆ ಕೈ ನೋವಿಗಿಂತ ಹೊಟ್ಟೆಯುರಿಯೇ ಹೆಚ್ಚಾಗಿತ್ತು. “ನಾಕು ಸಲ ಬರೆದೆ ಕಣೇ. ಊರೋರೆಲ್ಲಾ ನೋಡ್ತಾರೆ, ಒಬ್ಬನಾದ್ರೂ ‘ಹೌದು, ನಿಜ’ ಅಂದ್ನಾ? ಆ ಮಕ್ಕಳು ಇವರವೇ ಅಲ್ವೇನೇ? ಹಾಳಾಗೋಗ್ಲಿ ಈ ಊರು!” ಗೋಡೆ ನೋಡಿಕೊಂಡು ಅತ್ತರು. ನಾನು ಲೋಟದಲ್ಲಿ ನೀರು ಕೊಟ್ಟೆ. ಮನೆಗೆ ಬಂದೆ. ಅಧ್ಯಕ್ಷರನ್ನು ಬೈದೆ, ಸಾಹೇಬರನ್ನು ಬೈದೆ, ಆ ತರಬೇತಿಯ ಊಟವನ್ನೂ ಬೈದೆ.

ಮಾರನೆಯ ದಿನ ಅಧ್ಯಕ್ಷರು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಅಕ್ಕನ ಮನೆಗೆ ಹೋದರು. ಎಡಗೈಗೆ ಹಣ್ಣು ಕೊಡುವ ಫೋಟೋ ನನ್ನ ಮೊಬೈಲಿಗೆ ಬಂತು. “ಗಾಯಾಳುವಿನ ಕ್ಷೇಮ ವಿಚಾರಿಸಿದ ಜನಪರ ಅಧ್ಯಕ್ಷರು, ಹಿಂಗೆ ಹಾಕಮ್ಮ. ಪಟ್ಟು ಕಾಣೋ ಭಾಗ ಕತ್ತರ್ಸು” ಎಂದರು ಸಾಹೇಬರು.

“ಚಪ್ಪಡಿ ಯಾವಾಗ ಹಾಕ್ಸೋದು ಸಾರ್?”

“ಅದು ವಿಲೇವಾರಿ ಆಗೈತೆ ಅಂತ ನೀನೇ ಬರ್ದಿದೀಯಲ್ಲಮ್ಮ. ನಾಕು ಸಲ. ಮೇಲಿನೋರಿಗೂ ಹಂಗೇ ವರದಿ ಹೋಗೈತೆ. ಈಗ ಮುರಿದೈತೆ ಅಂತ ಹೆಂಗೆ ಬರೆಯಾನ?”

ಥೂ! ನನ್ನದೇ ಅಕ್ಷರ, ದುಂಡಗೆ, ನೀಲಿ ಶಾಯಿಯಲ್ಲಿ. ಕಾಗದದ ಮೇಲೆ ಚಪ್ಪಡಿ ಗಟ್ಟಿಯಾಗಿತ್ತು, ಚರಂಡಿಯ ಮೇಲೆ ಇರಲಿಲ್ಲ.

ಪೋಸ್ಟು ಹಾಕಿದೆ. ಪಟ್ಟು ಕತ್ತರಿಸಲಿಲ್ಲ. ಆಮೇಲೆ ಹಳೆಯ ಪೋಸ್ಟುಗಳಿಗೆ ಹೋಗಿ ಅದೇ ಮೂರು ಚುಕ್ಕಿ ಒತ್ತಿ, ಅಕ್ಕನ ನಾಲ್ಕು ಕಾಮೆಂಟುಗಳನ್ನೂ ಬಯಲಿಗೆ ಬಿಟ್ಟೆ. ಅವುಗಳ ಹಳೆಯ ತಾರೀಖು ಹಾಗೇ ಇತ್ತು. ಮಧ್ಯಾಹ್ನದೊಳಗೆ ಊರು ಹೊತ್ತಿಕೊಂಡಿತು. ಮಕ್ಕಳ ತಾಯಂದಿರು, ತೆಂಗಿನಕಾಯಿ ಮಂಡಿಯವರು ಬರೆದರು, ಬೀರೂರಿಗೆ ಹೋಗಿದ್ದವರು ರೈಲಿನಲ್ಲಿ ಕೂತುಕೊಂಡೇ ಬರೆದರು. ಬೈಗುಳ ಓದಲು ಆಗದಷ್ಟು ಬಂತು. ಎರಡೇ ದಿನಕ್ಕೆ ಟ್ರ್ಯಾಕ್ಟರಿನಲ್ಲಿ ಹೊಸ ಚಪ್ಪಡಿ ಬಂದು ಕೂತಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಪೇಜಿನ ಪಾಸ್‌ವರ್ಡನ್ನು ನನ್ನಿಂದ ಕಿತ್ತುಕೊಂಡರು. ಕೆಲಸ ಸದ್ಯಕ್ಕೆ ಉಳಿದಿದೆ.

ಚಪ್ಪಡಿ ಕೂತ ದಿನವೇ ಅಕ್ಕನ ಮನೆಗೆ ಹೋದೆ. ಗೆದ್ದು ಬಂದವಳ ಹಾಗೆ ಹೋದೆ ಅಂದರೂ ಸುಳ್ಳಲ್ಲ. ಅಕ್ಕ ಎಡಗೈಯಲ್ಲಿ ಅವರೆಕಾಯಿ ಸುಲಿಯಲು ಒದ್ದಾಡುತ್ತಿದ್ದರು. ನಾನು ಎದುರಿಗೆ ಕೂತು ಸುಲಿಯುತ್ತಾ ಎಲ್ಲವನ್ನೂ ಹೇಳಿದೆ, ಮೂರು ಚುಕ್ಕಿ, ಮರೆಮಾಡಿ, ರಿಜಿಸ್ಟರು. “ಊರೋರನ್ನ ಬೈಬೇಡ ಅಕ್ಕ. ಅವರ್ಯಾರೂ ಅದನ್ನ ನೋಡೇ ಇರಲಿಲ್ಲ” ಎಂದೆ.

ಅಕ್ಕ ನನ್ನ ಮುಂದಿದ್ದ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಅಂದ್ರೆ ನೋಡಿದ್ದೋಳು ನೀನೊಬ್ಳೇ” ಎಂದರು.