ಕಂಬಕ್ಕೆ ನೇತುಹಾಕಿದ ವೈರ್ ಬ್ಯಾಗು

ಕಂಬದ ಮೊಳೆಗೆ ಕೆಂಪು ವೈರ್ ಬ್ಯಾಗೊಂದು ನೇತಾಡುತ್ತಿತ್ತು. ಅದರೊಳಗೆ ನಾಲ್ಕು ಮೊಬೈಲುಗಳಿದ್ದವು. ಹುತ್ರಿದುರ್ಗದ ಹತ್ತಿರದ ಆ ಊರಲ್ಲಿ ಸಿಗ್ನಲ್ ಸಿಗುತ್ತಿದ್ದುದು ಅಂಗಡಿ ಮುಂದಿನ ಆ ಕಂಬದಲ್ಲಿ, ಆ ಎತ್ತರದಲ್ಲಿ ಮಾತ್ರ.

ಹಳ್ಳಿಯ ಡೈರಿಗಳಲ್ಲಿ ಹಾಲು ಪರೀಕ್ಷಿಸುವ ಮಿಷಿನ್ ನೋಡಿಕೊಳ್ಳುವುದು ನನ್ನ ಕೆಲಸ. ಆ ದಿನ ಮೂರು ಗಂಟೆಗೆ ಬೆಂಗಳೂರಿನ ಆಫೀಸಿನಿಂದ ಫೋನ್ ಬರುವುದಿತ್ತು. ಆ ಮಾತುಕತೆಯ ನಂತರ ನನ್ನ ಕೆಲಸ ಕಾಯಂ ಆಗಬೇಕು, ಇಲ್ಲವೇ ಮುಗಿಯಬೇಕು. ಅದಕ್ಕೆಂದೇ ಎರಡು ಕಂಪನಿಯ ಸಿಮ್, ಪವರ್ ಬ್ಯಾಂಕ್, ಚೀಟಿಯಲ್ಲಿ ಬರೆದುಕೊಂಡ ಬಸ್ಸಿನ ವೇಳೆ ಎಲ್ಲವೂ ನನ್ನಲ್ಲಿದ್ದವು. ಒಂದೂವರೆಯ ಬಸ್ಸು ಹತ್ತಿ ಕುಣಿಗಲ್ ಸೇರಿ ಅಲ್ಲಿಂದ ಮಾತಾಡುವುದೆಂದು ಲೆಕ್ಕ ಹಾಕಿದ್ದೆ. ಬಸ್ಸು ಬರಲಿಲ್ಲ.

"ಬಸ್ಸು ಮದ್ವೆಗೋಗೈತೆ ಕಣವ್ವ. ಲಗ್ನದ ದಿನ ಯಾರು ಬಸ್ ನಂಬ್ಕೊಂಡು ಬತ್ತಾರೆ?" ಎಂದಳು ಅಂಗಡಿಯಾಕೆ. ನನ್ನ ಫೋನನ್ನೂ ಇಸಿದುಕೊಂಡು ಬ್ಯಾಗಿಗೆ ಹಾಕಿದಳು. "ರಿಂಗಾದ್ರೆ ಸ್ಪೀಕರ್ ಒತ್ತು. ಕೆಳಕ್ಕೆ ತಗೀಬ್ಯಾಡ, ಕಟ್ಟಾಯ್ತದೆ."

ನಾನು ಮನೆಯಲ್ಲೂ ಬಾಗಿಲು ಹಾಕಿಕೊಂಡೇ ಫೋನಿನಲ್ಲಿ ಮಾತಾಡುವವಳು. ಮೂರು ಗಂಟೆಗೆ ಬ್ಯಾಗಿನ ಕಡೆ ಮುಖ ಎತ್ತಿ "ನಮಸ್ತೆ ಸರ್" ಎಂದೆ. ಬೆಂಚಿನ ಮೇಲೆ ಬೀಡಿ ಸೇದುತ್ತಿದ್ದ ಮುದುಕಪ್ಪ ನೆಟ್ಟಗೆ ಕೂತರು.

"ಹಳ್ಳಿಗಳಿಗೆ ಒಬ್ಬರೇ ಓಡಾಡೋದು ಕಷ್ಟ ಆಗ್ತಿದೆಯಾ?" ಎಂದು ಸಾಹೇಬರು ಕೇಳಿದರು.

"ಇಲ್ಲ ಸರ್. ಎಲ್ಲ ಪ್ಲಾನ್ ಮಾಡ್ಕೊಂಡೇ ಹೊರಡ್ತೀನಿ."

"ಬಸ್ಸು ಮದ್ವೆಗೋಯ್ತು ಅಂತ ಯೋಳವ್ವ" ಎಂದರು ಮುದುಕಪ್ಪ.

ಬ್ಯಾಗು ಕೇಳಿತು: "ಯಾರದು?"

"ಡೈರಿಗೆ ಹಾಲು ಹಾಕೋರು ಸರ್."

"ಒಳ್ಳೇದಾಯ್ತು. ಮಿಷಿನ್ ಸರಿಯಾಗಿ ತೋರಿಸ್ತಿದೆಯಾ ಕೇಳಿ."

ನಾನು ಕೇಳುವ ಅಗತ್ಯ ಬೀಳಲಿಲ್ಲ. "ಸರಿಯಾಗೈತೆ ಸಾಮಿ. ಈವಮ್ಮ ಬಂದು ರಿಪೇರಿ ಮಾಡಿದ್ಮೇಲೆ ನನ್ನಾಲಲ್ಲಿ ನೀರು ತೋರಿಸ್ತದೆ."

"ಅದು ಮಿಷಿನ್ ಬರೋಕ್ ಮುಂಚೇನೇ ಊರಿಗೆಲ್ಲ ಗೊತ್ತಿತ್ತು ಬುಡು" ಎಂದಳು ಅಂಗಡಿಯಾಕೆ.

ಸಾಹೇಬರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಇನ್ನೆರಡು ಪ್ರಶ್ನೆ ಕೇಳಿ, ಆರ್ಡರನ್ನು ಸಂಜೆಯೊಳಗೆ ಮೇಲ್ ಮಾಡುವುದಾಗಿ ಹೇಳಿದರು. ಬ್ಯಾಗಿಗೆ ಥ್ಯಾಂಕ್ಸ್ ಹೇಳಿದೆ.

ಸಂಜೆ ಮದುವೆ ಮುಗಿಸಿ ಬಂದ ಅದೇ ಬಸ್ಸಿನಲ್ಲಿ ಕುಣಿಗಲ್‌ಗೆ ಹೊರಟೆ. ದಾರಿಯಲ್ಲಿ ಮೇಲ್ ಬಂತು. ಕೆಲಸ ಕಾಯಂ ಆಗಿತ್ತು. ಪಕ್ಕದಲ್ಲಿದ್ದವರು ಉಳಿದಿದ್ದ ತಾಂಬೂಲದ ಚೀಲವೊಂದನ್ನು ನನಗೂ ಕೊಟ್ಟರು.

ಮರುದಿನ ಬೆಳಿಗ್ಗೆ ತುಮಕೂರಿನ ನನ್ನ ರೂಮಿನಲ್ಲಿ, ಗುಬ್ಬಿ ಕಡೆಯ ಡೈರಿಗಳಿಗೆ ಹೊರಡುವ ಮುಂಚೆ, ಗೋಡೆಯ ಕ್ಯಾಲೆಂಡರ್ ಇಳಿಸಿ ಆ ತಿಂಗಳ ಮದುವೆ ಮುಹೂರ್ತಗಳನ್ನೆಲ್ಲ ಬಸ್ಸಿನ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡೆ.