ಉಳಿದ ಬಟ್ಟಲುಗಳನ್ನು ಓದುವ ಮಾರಕ್ಕ

ಬೆಳಗಿನ ಐದೂವರೆ. ಗವಿಪುರದ ಕೋಳಿಗಳು ಮಾರಕ್ಕನವರ ಪಾತ್ರೆ ಸದ್ದು ಕೇಳಿದ ಮೇಲೇ ಕೂಗುತ್ತವೆ; ಸೂರ್ಯನೂ ಅವರ ಅಪ್ಪಣೆಗೇ ಕಾಯುತ್ತಾನೆ. ಮೂಲೆಯ ಸಣ್ಣ ದರ್ಶಿನಿಯ ಅಡುಗೆಮನೆಯಲ್ಲಿ ಸೆರಗು ಸಿಕ್ಕಿಸಿ ನಿಂತ ಮಾರಕ್ಕ, ಅಡುಗೆ ಭಟ್ಟರಾದ ಶೀನಣ್ಣನವರ ಸೌಟಿನಿಂದ ಅಂಗೈಗೆ ನಾಲ್ಕು ಹನಿ ಸಾಂಬಾರು ಹಾಕಿಸಿಕೊಂಡು ಚಪ್ಪರಿಸುತ್ತಾರೆ. ಒಲೆ ಕೂಡ ಉಸಿರು ಬಿಗಿಹಿಡಿಯುತ್ತದೆ.

"ಹುಳಿ ಚೆನ್ನಾಗಿ ಕೂತೈತೆ ಶೀನಣ್ಣ. ಉಪ್ಪು ಮಾತ್ರ ಒಂಚೂರು ಮುಂದಾಯ್ತು."

"ಬೇಳೆಕಟ್ಟು ಹಾಕ್ಲಾ?"

"ಎರಡು ಸೌಟು ಸಾಕು."

ಮಾರಕ್ಕನವರ ಕೆಲಸ ರುಚಿ ನೋಡುವುದಲ್ಲ, ತಟ್ಟೆ ತೊಳೆಯುವುದು. ಹದಿನೆಂಟು ವರ್ಷದಿಂದ ದಿನಕ್ಕೆ ಒಂಬೈನೂರು ತಟ್ಟೆ, ಅಷ್ಟೇ ಬಟ್ಟಲು. ಇದುವರೆಗಿನದನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ತಾಗಿ ಠಣ್ ಅಂದೀತು. ಗಂಡ ತೀರಿಕೊಂಡ ವರ್ಷ ಗುಟ್ಟಹಳ್ಳಿಯ ಒಂಟಿ ಕೋಣೆಯ ಮನೆಯಿಂದ ನಡೆದು ಬಂದು ಈ ತೊಟ್ಟಿಯ ಮುಂದೆ ನಿಂತವರು. ಸೋಪಿನ ನೀರಿಗೆ ಬೆರಳುಗಳು ಬಿರಿದಿವೆ. ಅದೇ ಬೆರಳುಗಳು ಮಗಳು ಹೇಮಶ್ರೀಯನ್ನು ನರ್ಸ್ ಮಾಡಿವೆ.

ತೊಳೆಯುವ ಮುನ್ನ ಅವರು ಎಂಜಲು ಓದುತ್ತಾರೆ. ಇಡ್ಲಿಯ ಅಂಚು ಉಳಿದರೆ ಹಿಟ್ಟು ಗಟ್ಟಿಯಾಗಿದೆ. ವಡೆಯ ನಡುಭಾಗ ಉಳಿದರೆ ಒಳಗೆ ಬೆಂದಿಲ್ಲ. "ತಿನ್ನೋರು ಬಾಯಿ ಬಿಡಲ್ಲ ಕಣ್ರೀ. ಮುಂದೆ 'ಸೂಪರ್' ಅಂತಾರೆ, ತಟ್ಟೇಲಿ ಬಿಟ್ಟು ಹೋಗ್ತಾರೆ. ನಿಜ ಬರೋದು ನನ್ನ ತೊಟ್ಟಿಗೇ."

ಈ ಯುಗಾದಿಯ ನಂತರ ಸಾಂಬಾರಿನ ಬಟ್ಟಲುಗಳು ತುಂಬಿದಂತೆಯೇ ವಾಪಸು ಬರತೊಡಗಿದವು. ಬಾಯಿಗಿಟ್ಟರೆ ಅರಬ್ಬೀ ಸಮುದ್ರ. ಗಿರಾಕಿಗಳು ಒಬ್ಬೊಬ್ಬರೇ ಎನ್.ಆರ್. ಕಾಲೋನಿಯ ಹೋಟೆಲುಗಳ ಕಡೆ ತಿರುಗಿದರು. ಮಾಲೀಕ ವಸಂತ್ ಫೋನಿನಲ್ಲಿ, "ಬೇರೆ ಭಟ್ಟರು ಯಾರಾದ್ರೂ ಇದ್ರೆ ಹೇಳಪ್ಪ" ಅಂದದ್ದು ಮಾರಕ್ಕನವರ ಕಿವಿಗೆ ಬಿತ್ತು. ಶೀನಣ್ಣನವರದು ಇಪ್ಪತ್ತಾರು ವರ್ಷದ ಸೌಟು. ಅದು ಕೈತಪ್ಪುವುದರಲ್ಲಿತ್ತು.

ಗಾಬರಿಯಲ್ಲಿ ಮಾರಕ್ಕ ಎಡವಿದರು. ಭಾನುವಾರದ ನೂಕುನುಗ್ಗಲಿನಲ್ಲಿ ತೊಟ್ಟಿಯ ಬಳಿಯಿಂದಲೇ ಕೂಗಿದರು: "ಶೀನಣ್ಣಾ, ಸಾಂಬಾರು ಉಪ್ಪೋ ಉಪ್ಪು!" ಬುಲ್ ಟೆಂಪಲ್‌ನ ಬಸವಣ್ಣನೂ ಕತ್ತು ತಿರುಗಿಸಿರಬೇಕು. ಸಾಲಿನಲ್ಲಿದ್ದವರು ನಕ್ಕರು. ಶೀನಣ್ಣ ಸೌಟು ಎಸೆದರು.

"ತಟ್ಟೆ ತೊಳೆಯೋಳು ನಂಗೆ ಅಡುಗೆ ಕಲಿಸ್ತೀಯಾ?"

ಮೂರು ದಿನ ಮಾತಿಲ್ಲ, ಕತೆಯಿಲ್ಲ. ನಾಲ್ಕನೇ ದಿನ ಕಡೆಯ ಗಿರಾಕಿ ಹೋದ ಮೇಲೆ ಮಾರಕ್ಕ ಹನ್ನೊಂದು ಬಟ್ಟಲುಗಳನ್ನು ತೊಳೆಯದೆ ಹಿಂಬಾಗಿಲ ಕಟ್ಟೆಯ ಮೇಲೆ ಸಾಲಾಗಿಟ್ಟು ಶೀನಣ್ಣನವರನ್ನು ಕರೆದರು. "ಚಟ್ನಿ ಬಟ್ಟಲಲ್ಲಿ ಏನೂ ಉಳಿದಿಲ್ಲ, ನೆಕ್ಕಿಬಿಟ್ಟವ್ರೆ. ಸಾಂಬಾರು ಮಾತ್ರ ಹಂಗೇ ಉಳ್ದೈತೆ. ನೀವೇ ನೋಡಿ."

ಶೀನಣ್ಣ ಒಂದೊಂದೇ ಬಟ್ಟಲು ಎತ್ತಿ ನೋಡಿ, ಪಕ್ಕದಲ್ಲೇ ಕೂತರು.

"ಯುಗಾದಿಗೆ ಜ್ವರ ಬಂದಾಗಿಂದ ನಾಲಿಗೆಗೆ ಏನೂ ಗೊತ್ತಾಗ್ತಿಲ್ಲ ಮಾರಕ್ಕ. ಅಂದಾಜಲ್ಲೇ ಹಾಕ್ತಿದೀನಿ. ಹೇಳಿದ್ರೆ ವಸಂತ್ ಮನೆಗೆ ಕಳಿಸ್ತಾನೆ ಅಂತ ಸುಮ್ನಿದ್ದೆ. ನೀನಂದಿದ್ದು ಸರೀನೇ. ಆದ್ರೆ ಅಷ್ಟು ಜನರ ಮುಂದೆ ಅನ್ಬಾರ್ದಿತ್ತು."

"ತಟ್ಟೆ ತೊಳೆಯೋಳು ಅಂದಾಗ ನಂಗೂ ಚುರ್ ಅಂತು," ಎಂದು ಈಗ ನೆನೆಯುತ್ತಾರೆ ಮಾರಕ್ಕ. "ಒಳ್ಳೇದು ಹೇಳಕ್ಕೆ ಹೋಗಿ ಬೈಸ್ಕೊಂಡ್ನಲ್ಲ ಅಂತ. ಆಮೇಲೆ ನನ್ನನ್ನೇ ಯಾರಾದ್ರೂ ಹಂಗೆ ಕೂಗಿದ್ರೆ ಅಂತ ಯೋಚ್ನೆ ಬಂತು. 'ತಪ್ಪಾಯ್ತು ಶೀನಣ್ಣ' ಅಂದೆ."

ಮರುದಿನ ಇಬ್ಬರೂ ಕೂಡಿ ವಸಂತ್‌ಗೆ ಇದ್ದದ್ದು ಇದ್ದಂತೆ ಹೇಳಿದರು. ಅವನು ಒಂದು ತಿಂಗಳ ಗಡುವು ಕೊಟ್ಟ. ಅಂದಿನಿಂದ ಕೈ ಶೀನಣ್ಣನವರದು, ನಾಲಿಗೆ ಮಾರಕ್ಕನವರದು. ಎರಡೇ ವಾರಕ್ಕೆ ಸಾಲು ಮೆಜೆಸ್ಟಿಕ್‌ವರೆಗೆ ಬೆಳೆದಿದೆ. ಹೋಗಲಿ, ಪಕ್ಕದ ಟೈಲರ್ ಅಂಗಡಿವರೆಗಂತೂ ಖಂಡಿತ. ಹೊಸ ಭಟ್ಟರ ಮಾತನ್ನು ವಸಂತ್ ಈಗ ಎತ್ತುವುದಿಲ್ಲ.

ನಿಮಗೇನು ಬೇಕು ಎಂದರೆ ಮಾರಕ್ಕ ಕೈ ಒರೆಸಿಕೊಂಡು ನಗುತ್ತಾರೆ.

"ತಿನ್ನೋರು ಸುಮ್ನೆ ಬಿಟ್ಟು ಹೋಗ್ಬಾರ್ದು, ಒಂದು ಮಾತು ಹೇಳಿ ಹೋಗ್ಲಿ. ನಾವೇನು ಕಚ್ಚಲ್ಲ. ಶೀನಣ್ಣ ಸ್ವಲ್ಪ ಗುರ್ ಅಂತಾರೆ, ಅಷ್ಟೇ. ನಾಳೆ ಬಂದು ತಿಂದು ನೋಡಿ, ಸರಿ ಮಾಡಿರ್ತಾರೆ."